ಸೆರೆಮನೆಯ ಜ್ವರ

1577ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದಲ್ಲಿ ರೋಲೆಂಡ್ ಜೆಂಕ್ಸ್ ಎಂಬ ಪುಸ್ತಕ ವ್ಯಾಪಾರಿಯ ವಿಚಾರಣೆ ನಡೆಯಿತು. ರಾಜದ್ರೋಹದ ಮಾತುಗಳನ್ನಾಡಿದನೆಂದು ಆಪಾದನೆ; ಕಿವಿಗಳನ್ನು ಕತ್ತರಿಸಬೇಕೆಂದು ತೀರ್ಪು. ಆತನನ್ನೂ ಇತರ ಕೈದಿಗಳನ್ನೂ ನೇರವಾಗಿ ಬಂದೀಖಾನೆಯಿಂದಲೇ ಕಿಕ್ಕಿರಿದ ನ್ಯಾಯಸಭೆಗೆ ತಂದಿದ್ದರು. ಕೆಲವೇ ವಾರಗಳಲ್ಲಿ ನ್ಯಾಯಾಧೀಶ ಸರ್ ರಾಬರ್ಟ್ ಬೆಲ್ ಜ್ವರದಿಂದ ತೀರಿಕೊಂಡರು. ಅವರ ಹಿಂದೆಯೇ ಜೂರಿಗಳು, ಅಧಿಕಾರಿಗಳು, ನೋಡಬಂದ ಪುರಜನರು, ಹೀಗೆ ಸುಮಾರು 300 ಮಂದಿ ಸತ್ತರೆಂದು ಅಂದಿನವರು ಬರೆದಿಟ್ಟಿದ್ದಾರೆ. ಜೆಂಕ್ಸನ ಶಾಪವೇ ತಟ್ಟಿತೆಂದು ನಂಬಿದವರೂ ಇದ್ದರು.

ಈ ರೋಗವನ್ನು ಇಂಗ್ಲೆಂಡಿನ ಜನ ಸೆರೆಮನೆಯ ಜ್ವರವೆಂದೇ ಕರೆದರು. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಟೈಫಸ್ ಎಂದು ಹೆಸರು. ನಾವು ಬಲ್ಲ ಟೈಫಾಯ್ಡ್, ಅಂದರೆ ವಿಷಮಶೀತಜ್ವರ, ಇದಲ್ಲ. 1750ರಲ್ಲಿ ಇದೇ ಜ್ವರ ಲಂಡನ್ನಿನ ನ್ಯೂಗೇಟ್ ಸೆರೆಮನೆಯಿಂದ ಪಕ್ಕದ ಓಲ್ಡ್ ಬೇಲಿ ನ್ಯಾಯಾಲಯಕ್ಕೆ ದಾಟಿ, ನಗರದ ಮೇಯರನ್ನೂ ಇಬ್ಬರು ನ್ಯಾಯಾಧೀಶರನ್ನೂ ಸೇರಿಸಿ 40ಕ್ಕೂ ಹೆಚ್ಚು ಮಂದಿಯನ್ನು ಬಲಿತೆಗೆದುಕೊಂಡಿತು. ದುರ್ಗಂಧವೇ ರೋಗವೆಂದು ಬಗೆದಿದ್ದ ಕಾಲವದು. ನ್ಯಾಯಾಧೀಶರು ಸುಗಂಧದ ಎಲೆಹೂಗಳ ಗುಚ್ಛ ಹಿಡಿದು ಕುಳಿತರು. ಸ್ಟೀಫನ್ ಹೇಲ್ಸ್ ಎಂಬ ವಿಜ್ಞಾನಿಯ ಸಲಹೆಯಂತೆ ನ್ಯೂಗೇಟಿನ ಮಾಳಿಗೆಯ ಮೇಲೆ, ಒಳಗಿನ ಗಾಳಿಯನ್ನು ಹೊರಸೆಳೆಯಲು ಗಾಳಿಗಿರಣಿಯೊಂದನ್ನು ನಿಲ್ಲಿಸಿದರು. ಅದನ್ನು ಜೋಡಿಸಹೋದ ಕೆಲಸಗಾರರಿಗೂ ಜ್ವರ ತಗಲಿತು. ಮೇಯರ್ ಸಾಯುವ ತನಕ ಈ ಗಾಳಿಯ ಚಿಂತೆ ಯಾರನ್ನೂ ಅಷ್ಟಾಗಿ ಕಾಡಿರಲಿಲ್ಲವೆಂಬುದನ್ನು ಗಮನಿಸಬೇಕು.

ಕೈದಿಯ ಸಲುವಾಗಿಯೇ ಕೈದಿಯ ಕಡೆ ನೋಡಿದವನು ಜಾನ್ ಹೊವಾರ್ಡ್. 1773ರಲ್ಲಿ ಬೆಡ್‌ಫರ್ಡ್ ಪ್ರಾಂತದ ಷೆರೀಫನಾದ ಈತ ತನ್ನ ಅಧೀನದ ಸೆರೆಮನೆಯಲ್ಲಿ ಒಂದು ವಿಚಿತ್ರವನ್ನು ಕಂಡ. ನಿರಪರಾಧಿಗಳೆಂದು ಬಿಡುಗಡೆ ಹೊಂದಿದವರೂ ಜೈಲರನಿಗೆ ಸಲ್ಲಬೇಕಾದ ಶುಲ್ಕ ತೆರಲಾಗದೆ ಅಲ್ಲೇ ಕೊಳೆಯುತ್ತಿದ್ದರು. ಜೈಲರನಿಗೆ ಸಂಬಳವಿರಲಿಲ್ಲ, ಕೈದಿಯೇ ಅವನ ಸಂಪಾದನೆ. ಹೊವಾರ್ಡ್ ದೇಶದ ಸೆರೆಮನೆಗಳನ್ನೆಲ್ಲ ಸುತ್ತಿದ. ಬಟ್ಟೆಗೆ ಹತ್ತಿದ ನಾತ ಸಹಿಸಲಾಗದೆ ಮುಚ್ಚಿದ ಗಾಡಿಯನ್ನು ಬಿಟ್ಟು ಕುದುರೆಯೇರಿ ಪಯಣಿಸಿದ. ಟಿಪ್ಪಣಿಯ ಪುಸ್ತಕವನ್ನು ಬೆಂಕಿಯ ಮುಂದೆ ಹರಡಿ ಕಾಯಿಸಿದ ಮೇಲೆಯೇ ಓದಲಾಗುತ್ತಿತ್ತು. ಗಲ್ಲಿಗೇರಿ ಸತ್ತವರಿಗಿಂತ ಜ್ವರದಿಂದ ಸತ್ತ ಕೈದಿಗಳೇ ಹೆಚ್ಚೆಂದು ಆತ ಬರೆದ. ಸಾಲಗಾರನಿಗೆ, ಕಳ್ಳನಿಗೆ, ಇನ್ನೂ ವಿಚಾರಣೆಯೇ ಆಗದವನಿಗೆ ಯಾವ ನ್ಯಾಯಾಧೀಶನೂ ವಿಧಿಸದ ಮರಣದಂಡನೆ ಅದು. 1774ರಲ್ಲಿ ಪಾರ್ಲಿಮೆಂಟು ಎರಡು ಶಾಸನಗಳನ್ನು ಮಾಡಿತು: ಒಂದು ಬಿಡುಗಡೆಯ ಶುಲ್ಕವನ್ನು ತೊಡೆಯಿತು, ಇನ್ನೊಂದು ಗೋಡೆಗೆ ಸುಣ್ಣ, ಕೋಣೆಗೆ ಗಾಳಿ, ರೋಗಿಗೆ ಬೇರೆ ಕೊಠಡಿ ಕೊಡಬೇಕೆಂದಿತು. ಅನೇಕ ಕಡೆ ಅದು ಕಾಗದದಲ್ಲೇ ಉಳಿಯಿತು. ಹೊವಾರ್ಡ್ 1790ರಲ್ಲಿ ಖೆರ್ಸೋನ್ ಎಂಬಲ್ಲಿ ಜ್ವರದಿಂದಲೇ ತೀರಿಕೊಂಡ. ಅದು ಟೈಫಸ್ ಎಂದೇ ಹೇಳುತ್ತಾರೆ.

ಕಾರಣ ತಿಳಿಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಟ್ಯೂನಿಸ್ ನಗರದಲ್ಲಿದ್ದ ಫ್ರೆಂಚ್ ವೈದ್ಯ ಶಾರ್ಲ್ ನಿಕೋಲ್ 1903ರಲ್ಲಿ ಜ್ವರ ಎದ್ದಿದ್ದ ಹಳ್ಳಿಗಾಡಿನ ಸೆರೆಮನೆಯೊಂದಕ್ಕೆ ಹೊರಟಿದ್ದ. ಹಿಂದಿನ ದಿನ ಕೆಮ್ಮಿನಲ್ಲಿ ರಕ್ತ ಕಾಣಿಸಿ ಉಳಿದುಕೊಂಡ. ಹೋದ ಇಬ್ಬರೂ ಟೈಫಸ್ ತಗಲಿ ಸತ್ತರು. ಮುಂದೆ ಆತ ಒಂದು ಸಂಗತಿಯನ್ನು ಗಮನಿಸಿದ: ಆಸ್ಪತ್ರೆಯ ಹೊಸ್ತಿಲವರೆಗೆ ರೋಗಿಯಿಂದ ಸೋಂಕು ಹರಡುತ್ತದೆ, ಬಟ್ಟೆ ಕಳಚಿ ಮೀಯಿಸಿ ಒಳಗೆ ಮಲಗಿಸಿದ ಬಳಿಕ ಹರಡುವುದಿಲ್ಲ. ಹಾಗಾದರೆ ರೋಗವಿರುವುದು ಬಟ್ಟೆಯಲ್ಲಿ. ಬಟ್ಟೆಯ ಹೊಲಿಗೆಯಲ್ಲಿ ಅಡಗುವ ಕೂರೆಯಲ್ಲಿ. 1909ರಲ್ಲಿ ಪ್ರಯೋಗದಿಂದ ಇದನ್ನು ಸಿದ್ಧಪಡಿಸಿದ ನಿಕೋಲನಿಗೆ 1928ರ ನೊಬೆಲ್ ಬಹುಮಾನ ಬಂದಿತು. ಕೂರೆ ಕಾವೇರಿದ ಮೈಯನ್ನು ಬಿಟ್ಟು ತಣ್ಣಗಿನ ಮೈಯನ್ನು ಅರಸುತ್ತದೆ. ಅದರ ಮಲದಲ್ಲಿರುವ ರೋಗಾಣು ತುರಿಸಿಕೊಂಡ ಗಾಯದ ಮೂಲಕ ಒಳಸೇರುತ್ತದೆ. ಮೈಗೆ ಮೈ ತಾಗಿ ಮಲಗುವ, ಬದಲಿಸಲು ಬಟ್ಟೆಯಿಲ್ಲದ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು. ಗಾಳಿಗಿರಣಿಯಿಂದ ಅದಕ್ಕೇನೂ ಆಗದು.

ಆದರೆ ಹೇಲ್ಸನ ಗಾಳಿಯ ಮಾತು ಬೇರೊಂದು ರೋಗಕ್ಕೆ ಸರಿಯಾಗಿ ಒಪ್ಪುತ್ತದೆ. ಇಂದು ಜಗತ್ತಿನ ಸೆರೆಮನೆಗಳ ದೊಡ್ಡ ಪಿಡುಗು ಕ್ಷಯ. ಅದು ಹರಡುವುದು ಉಸಿರಿನಿಂದಲೇ. ಹೊರಗಿನ ಜನರಿಗಿಂತ ಕೈದಿಗಳಲ್ಲಿ ಅದು ಹತ್ತು ಪಟ್ಟು ಹೆಚ್ಚೆಂದು ಲೆಕ್ಕ. ಹೊರಗಿನವನು ಕೆಮ್ಮುವವನಿಂದ ಎದ್ದು ದೂರ ಹೋಗಬಲ್ಲ. ಬೀಗದೊಳಗಿನವನಿಗೆ ಆ ಸ್ವಾತಂತ್ರ್ಯವಿಲ್ಲ. ಕಾವಲುಗಾರ ಮಾತ್ರ ಪ್ರತಿದಿನ ಮನೆಗೆ ಹೋಗಿ ಬರುತ್ತಾನೆ. ಬಿಡುಗಡೆಯಾದವನೂ ಊರಿಗೆ ಮರಳುತ್ತಾನೆ. ಆಕ್ಸ್‌ಫರ್ಡಿನ ದಾರಿ ಇಂದಿಗೂ ತೆರೆದೇ ಇದೆ.

ನಮ್ಮ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಅಪರಾಧ ಇನ್ನೂ ಸಿದ್ಧವಾಗದವರು. 2020ರ ಮಾರ್ಚಿಯಲ್ಲಿ ಕೊರೋನಾ ಹರಡಿದಾಗ ಸರ್ವೋಚ್ಚ ನ್ಯಾಯಾಲಯವೇ ಮುಂದಾಗಿ, ಯಾರನ್ನು ತಾತ್ಕಾಲಿಕವಾಗಿ ಹೊರಗೆ ಕಳುಹಿಸಬಹುದೆಂದು ನಿರ್ಧರಿಸಲು ಪ್ರತಿ ರಾಜ್ಯದಲ್ಲೂ ಸಮಿತಿ ರಚಿಸಬೇಕೆಂದು ಆದೇಶಿಸಿತು. ಕೊಠಡಿಗಳು ಕಿಕ್ಕಿರಿದಿವೆ, ಅಲ್ಲಿ ಅಂತರ ಕಾಯುವುದು ಸಾಧ್ಯವಿಲ್ಲ ಎಂಬುದೇ ಅದರ ಕಾರಣ. ಹೊರಬಂದವರು 15 ದಿನಗಳೊಳಗೆ ಮರಳಿ ಶರಣಾಗಬೇಕೆಂದು 2023ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯ ಸೂಚಿಸಿತು. ಮತ್ತೆ ಜಾಮೀನು ಬೇಕಾದವರು ಆಯಾ ನ್ಯಾಯಾಲಯಗಳ ಮುಂದೆ ಕೇಳಿಕೊಳ್ಳಬೇಕಾಯಿತು.