ಚಿತ್ರಗಾರನ ಜಮಾ-ಖರ್ಚು

ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಕುಂಚಗಳನ್ನು ತೊಳೆದಿಟ್ಟು ಲೆಕ್ಕದ ಪುಸ್ತಕವನ್ನು ತೆರೆಯುವುದು ನನ್ನ ಹಲವು ವರ್ಷಗಳ ವಾಡಿಕೆ. ಸಂಬಳದ ಕೆಲಸದಲ್ಲಿರುವವರ ವರ್ಷವನ್ನು ಬೇರೆಯವರು ಅಳೆದು ಕೊಡುತ್ತಾರೆ. ಯಾರ ನೌಕರಿಯೂ ಇಲ್ಲದೆ ಚಿತ್ರ ಬರೆದು ಬದುಕುವವನು ತನ್ನ ವರ್ಷವನ್ನು ತಾನೇ ಅಳೆದುಕೊಳ್ಳಬೇಕು. ಮೈಸೂರಿನಲ್ಲಿ ಈ ಕಸುಬಿಗೆ ಒಬ್ಬ ದೊಡ್ಡ ಹಿರಿಯರ ಮೇಲ್ಪಂಕ್ತಿಯೂ ಉಂಟು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು ಬಂದ ಕೆ. ವೆಂಕಟಪ್ಪನವರಿಗೆ ದಿನಚರಿ ಬರೆದಿಡುವ ಅಭ್ಯಾಸವಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1940ರಲ್ಲಿ ತೀರಿಕೊಂಡ ಮೇಲೆ ಅವರು ಮೈಸೂರನ್ನು ತೊರೆದು ಬೆಂಗಳೂರು ಸೇರಿದರು, 1965ರಲ್ಲಿ ಕಾಲವಾದರು. ನನ್ನ ಪುಸ್ತಕವು ಅವರ ದಿನಚರಿಯ ಪಕ್ಕದಲ್ಲಿ ಇಡತಕ್ಕದ್ದೇನೂ ಅಲ್ಲ. ಎಡಗಡೆ ಬಂದ ಹಣ, ಬಲಗಡೆ ಹೋದ ಹಣ, ಕೊನೆಯ ಪುಟದಲ್ಲಿ ಜನವರಿಯಲ್ಲಿ ಬರೆದುಕೊಂಡ ಆಸೆಗಳು.

ಬಂದ ಹಣದ ವಿಷಯ ಬೇಗ ಮುಗಿಯುತ್ತದೆ. ಪತ್ರಿಕೆಗಳ ಕಥೆಗಳಿಗೆ ಬರೆದ ರೇಖಾಚಿತ್ರಗಳು ಮೂವತ್ತೊಂದು. ಒಂದು ಹಳ್ಳಿಯ ಶಾಲೆಯ ಗೋಡೆ. ಪುಸ್ತಕಗಳ ಮುಖಪುಟ ನಾಲ್ಕು. ಹಿಂದಿನ ವರ್ಷ ಹನ್ನೊಂದಿತ್ತು. ಉಳಿದ ಏಳು ಎಲ್ಲಿಗೆ ಹೋದುವೆಂಬುದು ಗುಟ್ಟಲ್ಲ. ನನಗೆ ಕೆಲಸ ಕೊಡುತ್ತಿದ್ದ ಪ್ರಕಾಶಕರೊಬ್ಬರು, "ಈಗ ಯಂತ್ರವೇ ಬರೆದುಕೊಡುತ್ತದೆ ಸಾರ್, ಮೂರು ನಿಮಿಷದ ಕೆಲಸ" ಎಂದು ವಿನಯದಿಂದಲೇ ತಿಳಿಸಿದರು. ಅವರು ತೋರಿಸಿದ ಮುಖಪುಟದಲ್ಲಿ ಹಳ್ಳಿಯ ಹೆಂಗಸೊಬ್ಬಳು ಬಾವಿಯಲ್ಲಿ ನೀರು ಸೇದುತ್ತಿದ್ದಳು. ಬಣ್ಣ ಮೋಹಕವಾಗಿತ್ತು. ರಾಟೆಗೆ ಮಾತ್ರ ಹಗ್ಗವಿರಲಿಲ್ಲ. ಆಕೆಯ ಕೈ ಯಾವ ಭಾರವನ್ನೂ ಎಳೆಯುತ್ತಿರಲಿಲ್ಲ. ಯಂತ್ರದ ಮೇಲೆ ನನಗೆ ಕೋಪವಿಲ್ಲ. ಅದು ಎಂದೂ ನೀರು ಸೇದಿದ್ದಲ್ಲ. ಹಗ್ಗವಿಲ್ಲದ್ದನ್ನು ಮುದ್ರಣಕ್ಕೆ ಹೋಗುವವರೆಗೆ ಯಾರೂ ಗಮನಿಸಲಿಲ್ಲವೆಂಬುದು ನನ್ನ ಮನಸ್ಸಿಗೆ ಹೆಚ್ಚು ನಾಟಿತು.

ನಮ್ಮೂರಿನ ಚಿತ್ರಗಾರನಿಗೆ ತಪ್ಪದೆ ಬರುವ ಇನ್ನೊಂದು ಕೆಲಸವಿದೆ: ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಪ್ರತಿ. "ರವಿವರ್ಮನ ದೀಪದ ಹೆಂಗಸು ಬೇಕು" ಎಂದೇ ಎಲ್ಲರೂ ಕೇಳುತ್ತಾರೆ. ರವಿವರ್ಮ 1906ರಲ್ಲಿಯೇ ತೀರಿಹೋದರು. ಈ ಚಿತ್ರವನ್ನು ಅವರಿಗಿಂತ ಬಹಳ ಈಚೆಗೆ ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಣಕರರು. ಅದು ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ಬೆರಳುಗಳ ಸಂದಿಯಲ್ಲಿ ಹೊಮ್ಮುವ ಆ ಕೆಂಬೆಳಕಿನ ಸೊಗಸೆಲ್ಲ ಅಲ್ಲಿಯೇ ಇದೆ. ಜಲವರ್ಣದಲ್ಲಿ ಬೆಳಕನ್ನು ಮೇಲಿನಿಂದ ಹಚ್ಚುವುದಲ್ಲ, ಕಾಗದದ ಬಿಳುಪನ್ನು ಕಾದಿಟ್ಟುಕೊಳ್ಳುವುದು. ಒಮ್ಮೆ ಬಣ್ಣ ಮುಚ್ಚಿತೆಂದರೆ ಆ ಬೆಳಕು ಪೂರ್ತಿಯಾಗಿ ಮರಳುವುದಿಲ್ಲ. ಇಷ್ಟು ವಿವರಿಸಿದ ಮೇಲೆಯೂ ಗಿರಾಕಿಗಳು ಎಣ್ಣೆಬಣ್ಣದ ಪ್ರತಿಯನ್ನೇ ಬಯಸುತ್ತಾರೆ, ಬಾಳಿಕೆ ಹೆಚ್ಚಂತೆ. ಈ ವರ್ಷ ಎರಡನ್ನು ಬರೆದೆ. ಮನೆಯ ಬಾಡಿಗೆ ಅದರಿಂದಲೇ ಸಂದಾಯವಾಯಿತೆಂಬ ಕೃತಜ್ಞತೆ ನನಗಿದೆ.

ವರ್ಷದ ತೃಪ್ತಿಯ ಕೆಲಸವೆಂದರೆ ಮೈಸೂರು ಶೈಲಿಯ ಒಂದು ಪಟ್ಟಾಭಿಷೇಕದ ಪಟ. ಮಕ್ಕಿ, ಸಫೇದ, ಗೋಂದು ಇವನ್ನು ನುಣ್ಣಗೆ ಅರೆದು ಕಲಸಿ, ಸಣ್ಣ ಕುಂಚದಿಂದ ಒಡವೆ, ಕಂಬ, ಪ್ರಭಾವಳಿಗಳನ್ನು ಎಳೆಎಳೆಯಾಗಿ ಎಬ್ಬಿಸಬೇಕು. ಅದರ ಮೇಲೆ ಚಿನ್ನದ ರೇಕು ಕೂರಿಸಬೇಕು. ತಂಜಾವೂರಿನ ಪಟಗಳಲ್ಲಿ ಈ ಕೆಲಸ ಉಬ್ಬಾಗಿ ಎದ್ದು ಕಾಣುತ್ತದೆ. ನಮ್ಮಲ್ಲಿ ಅದು ಕಣ್ಣಿಗಿಂತ ಬೆರಳಿಗೆ ಹೆಚ್ಚು ತಿಳಿಯುವಷ್ಟು ತೆಳುವು. ಎರಡು ತಿಂಗಳು ಹಿಡಿಯಿತು. ದಿನಗೂಲಿ ಲೆಕ್ಕ ಹಾಕಿದರೆ ಗಾರೆಯವನು ನನ್ನನ್ನು ನೋಡಿ ನಗುವನು.

ಇನ್ನು ಕೊನೆಯ ಪುಟ. ಜನವರಿಯಲ್ಲಿ ಅಲ್ಲಿ ಒಂದೇ ಸಾಲು ಬರೆದಿದ್ದೆ: ದೇವರಾಜ ಮಾರುಕಟ್ಟೆ, ಇಪ್ಪತ್ತನಾಲ್ಕು ಹಾಳೆ. ಧನ್ವಂತರಿ ರಸ್ತೆಯಿಂದ ಚಿಕ್ಕ ಗಡಿಯಾರದವರೆಗೆ ಹಬ್ಬಿರುವ ಆ ಹಳೆಯ ಮಾರುಕಟ್ಟೆಯನ್ನು ಅರಿಯದ ಮೈಸೂರಿಗರಿಲ್ಲ. 2016ರ ಆಗಸ್ಟಿನಲ್ಲಿ ಅದರ ಉತ್ತರ ಭಾಗ ಕುಸಿದುಬಿತ್ತು. ಉಳಿದುದನ್ನು ದುರಸ್ತಿ ಮಾಡಿ ಉಳಿಸಬೇಕೆ, ಕೆಡವಿ ಹೊಸದಾಗಿ ಕಟ್ಟಬೇಕೆ ಎಂಬ ವಾದಕ್ಕೂ ಆಗಿನಿಂದ ಬಿಡುವಿಲ್ಲ. ವಾದದಲ್ಲಿ ನನಗೆ ನನ್ನದೇ ಪಕ್ಷವಿದೆ. ಸುಣ್ಣ, ಗಾರೆ, ಮರಗಳ ಕಟ್ಟಡವನ್ನು ಬಲ್ಲವರು ದುರಸ್ತಿ ಮಾಡಬಲ್ಲರೆಂದೇ ನನ್ನ ನಂಬಿಕೆ. ಆದರೆ ಚಿತ್ರಗಾರನ ಕೈಯಲ್ಲಿರುವುದು ತೀರ್ಪಲ್ಲ, ಪೆನ್ಸಿಲು. ಹೂವಿನ ಸಾಲು, ಕುಂಕುಮದ ಗೋಪುರಗಳು, ನಂಜನಗೂಡು ರಸಬಾಳೆಯ ಗೊನೆ, ವೀಳ್ಯದೆಲೆಯ ಕಟ್ಟುಗಳ ಮೇಲೆ ಬೆಳಗಿನ ಏಳು ಗಂಟೆಗೆ ಬೀಳುವ ಬಿಸಿಲು: ಇವನ್ನು ಅಲ್ಲಿಯೇ ನಿಂತು ಬರೆಯಬೇಕೆಂಬುದು ನನ್ನ ಹಟ. ಭಾವಚಿತ್ರ ತೆಗೆದುಕೊಂಡು ಮನೆಯಲ್ಲಿ ಬರೆದರೆ ನೆರಳು ಕಪ್ಪಾಗಿಬಿಡುತ್ತದೆ. ಅಲ್ಲಿಯ ನೆರಳಿನಲ್ಲಿ ಹಸಿರೂ ಇದೆ, ಅರಿಸಿನವೂ ಇದೆ.

ಹದಿನೈದು ಹಾಳೆ ಮುಗಿದಿವೆ. ಮಳೆಗಾಲದಲ್ಲಿ ಕಾಗದ ಒಣಗಲಿಲ್ಲ. ದಸರೆಯ ಮುಂಚಿನ ವಾರಗಳನ್ನು ಹೊಟ್ಟೆಪಾಡಿನ ಕೆಲಸ ನುಂಗಿತು. ಕಾರ್ತಿಕದಲ್ಲಿ ಮತ್ತೆ ಹೋದಾಗ ಎಲೆ ಮಾರುವ ಅಜ್ಜಿ, "ಏನ್ ಸ್ವಾಮಿ, ಇನ್ನೂ ಮುಗೀಲಿಲ್ವಾ? ಬೇಗ ಬರ್ಕೊಳ್ಳಿ, ನಾನಿರ್ತೀನೋ ಕಟ್ಟಡ ಇರ್ತದೋ" ಎಂದಳು. ಆಕೆಯ ಚಿತ್ರ ಹನ್ನೆರಡನೆಯ ಹಾಳೆಯಲ್ಲಿದೆ. ತೋರಿಸಿದಾಗ ತನ್ನ ಮುಖವನ್ನು ನೋಡಲೇ ಇಲ್ಲ. ಎಲೆಯ ಕಟ್ಟುಗಳನ್ನು ಬೆರಳಿನಿಂದ ಎಣಿಸಿ, ಒಂದು ಕಡಮೆಯಿದೆಯೆಂದು ಹೇಳಿದಳು. ನನಗೆ ಬಂದ ವಿಮರ್ಶೆಗಳಲ್ಲಿ ಇಷ್ಟು ಎಚ್ಚರದ ಇನ್ನೊಂದನ್ನು ಕಾಣೆ.

ಇದರ ನಡುವೆ ಒಂದು ಖಾಸಗಿ ಶಾಲೆಯವರು ಚಿತ್ರಕಲೆಯ ಮೇಷ್ಟರ ಕೆಲಸಕ್ಕೆ ಕರೆದಿದ್ದಾರೆ. ತಿಂಗಳ ಸಂಬಳ, ಬೇಸಗೆಯ ರಜೆ. ಆದರೆ ಬೆಳಿಗ್ಗೆ ಎಂಟಕ್ಕೆ ಹಾಜರಿರಬೇಕು. ಹೋದ ಏಳು ಮುಖಪುಟಗಳು ಮರಳಿ ಬರುವ ಸೂಚನೆಯಿಲ್ಲದಿರುವಾಗ ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಮನೆಯಾಕೆಯೂ, "ಯೋಚನೆ ಮಾಡಿ" ಎಂದಷ್ಟೇ ಹೇಳಿ ಸುಮ್ಮನಾಗಿದ್ದಾಳೆ. ಮಕ್ಕಳಿಗೆ ಕಲಿಸುವುದು ನನಗೆ ಪ್ರಿಯವೇ. ಆದರೆ ಎಂಟು ಗಂಟೆಯ ಹಾಜರಿ ಏಳು ಗಂಟೆಯ ಬಿಸಿಲನ್ನು ಕಿತ್ತುಕೊಳ್ಳುತ್ತದೆ. ಮಧ್ಯಾಹ್ನದ ತರಗತಿಗಳನ್ನು ಮಾತ್ರ, ಅರ್ಧ ಸಂಬಳಕ್ಕೆ, ವಹಿಸಿಕೊಳ್ಳುತ್ತೇನೆಂದು ಕಾಗದ ಬರೆದು ಮೊನ್ನೆ ಅಂಚೆಗೆ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಹೊಸ ವರ್ಷದ ಪುಟದಲ್ಲಿ ಸದ್ಯಕ್ಕೆ ಬರೆದಿರುವುದು ಇಷ್ಟು: ಉಳಿದ ಒಂಬತ್ತು ಹಾಳೆ, ಮಳೆಗೆ ಮುಂಚೆ, ಉತ್ತರದ ಕಡೆಯವು ಮೊದಲು. ಹನ್ನೆರಡನೆಯ ಹಾಳೆಗೆ ಒಂದು ಕಟ್ಟು ವೀಳ್ಯದೆಲೆ.