ಹಳ್ಳ ಬಂದಾಗ ಆಚೆ ದಡದಲ್ಲೇ ಇರಿ

ಆಳಂದ, ಅಫಜಲಪುರ, ಜೇವರ್ಗಿ ಕಡೆ ‘ಹೊಳಿ ಬಂತು’ ಅಂದ್ರೆ ಒಂದು, ‘ಹಳ್ಳ ಬಂತು’ ಅಂದ್ರೆ ಇನ್ನೊಂದು. ಇವತ್ತಿನ ಮಾತು ಹೆಚ್ಚಾಗಿ ಹಳ್ಳದ್ದು.

2020ರ ಅಕ್ಟೋಬರ್ ನೆನಪಿಸಿಕೊಳ್ಳಿ. ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ನಮ್ಮ ಭಾಗದಲ್ಲಿ ಹಾದು ಸೊಲ್ಲಾಪುರದತ್ತ ಹೋಯಿತು. ಅದಾದ ಮೇಲೆ ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ನೀರು ಬಿಟ್ಟರು. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಹೊರಹರಿವು 8 ಲಕ್ಷ ಕ್ಯೂಸೆಕ್ ಆಸುಪಾಸಿಗೆ ಹೋಗಿತ್ತು. ಅಷ್ಟು ದೊಡ್ಡ ಪ್ರವಾಹಕ್ಕೂ ಮುನ್ಸೂಚನೆ ಇರುತ್ತೆ ನೋಡ್ರಿ. ಮೇಲೆ ಎಷ್ಟು ಬಿಟ್ಟರು ಅಂತ ಗೊತ್ತಾಗುತ್ತೆ, ಇಲ್ಲಿ ಮುಟ್ಟೋಕೆ ಹೊತ್ತು ಹಿಡಿಯುತ್ತೆ, ಡಂಗುರ ಸಾರಬಹುದು, ದನಕರು ಬಿಚ್ಚಿಕೊಂಡು ಹೋಗಬಹುದು. ಹಳ್ಳಕ್ಕೆ ಗೇಟೂ ಇಲ್ಲ, ಡಂಗುರವೂ ಇಲ್ಲ.

ಒಂದು ಎಕರೆ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಸಾವಿರಾರು ಎಕರೆಯ ನೀರು ಒಂದೇ ಹಳ್ಳಕ್ಕೆ ಇಳಿದರೆ? ನಮ್ಮದು ಎರೆ ಭೂಮಿ. ಬಿರುಕು ಬಿಟ್ಟಾಗ ಮೊದಲ ಮಳೆಯನ್ನ ಗಟಗಟ ಕುಡಿಯುತ್ತೆ ನಿಜ. ಒಮ್ಮೆ ನೆನೆದು ಉಬ್ಬಿತು ಅಂದ್ರೆ ಬಿರುಕು ಮುಚ್ಚಿಕೊಳ್ಳುತ್ತೆ, ನೀರು ಇಂಗೋದು ಬಹಳ ನಿಧಾನ. ಅದಕ್ಕೇ ಉತ್ತರಿ, ಹಸ್ತ, ಚಿತ್ತಿ ಮಳೆಯಲ್ಲಿ, ಅದೂ ಸಂಜೆ ಗುಡುಗಿ ಸುರಿದಾಗ, ಗಂಟೆಯೊಳಗೆ ಹಳ್ಳ ತುಂಬಿಬಿಡಬಹುದು.

ಗುಡುಗು ಮಳೆಯ ಇನ್ನೊಂದು ಮೋಸ ಏನಂದ್ರೆ, ಒಂದೂರಲ್ಲಿ ಸುರಿದು ಪಕ್ಕದೂರಿಗೆ ಹನಿಯೂ ಹಾಕಲ್ಲ. ನಿಮ್ಮಲ್ಲಿ ಬಿಸಿಲಿದ್ದಾಗಲೇ ಮೇಲಿನೂರ ನೀರು ಬಂದು ನಿಲ್ಲುತ್ತೆ. ಆಳಂದದ ನೀರು ಹೊತ್ತ ಅಮರ್ಜಾ ನದಿ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತೆ. ಭೀಮೆಯೇ ತುಂಬಿದ್ದರೆ ಅದನ್ನು ಸೇರುವ ಹಳ್ಳಗಳ ನೀರು ಹಿಂದಕ್ಕೆ ಒತ್ತಿ ತೊಗರಿ ಹೊಲಕ್ಕೆ ನುಗ್ಗುತ್ತೆ. ಜೇವರ್ಗಿಯ ನದಿದಂಡೆ ಊರುಗಳಿಗೂ ಇದೇ ಕಥೆ.

ಪ್ರಾಣಕ್ಕೆ ಕುತ್ತು ಬರುವುದು ಹೆಚ್ಚಾಗಿ ತಗ್ಗು ಸೇತುವೆ ದಾಟುವಾಗ. ರಭಸವಿದ್ದರೆ ಮೊಣಕಾಲುದ್ದದ ನೀರೂ ಆಳನ್ನು ಕೆಡವುತ್ತೆ, ಎರಡಡಿ ನೀರು ಕಾರನ್ನು ಒಯ್ಯುತ್ತೆ. ಟ್ರ್ಯಾಕ್ಟರ್ ಭಾರ ಇದೆ ಅನ್ನೋ ಧೈರ್ಯವೂ ಬೇಡ. ಕೆಸರು ನೀರಿನಡಿ ರಸ್ತೆ ಕಿತ್ತುಹೋಗಿದ್ದರೆ ಕಾಣೋದೇ ಇಲ್ಲ.

ಕೂಲಿಗೆ ಹೋದವರು ಆಚೆ ದಡದಲ್ಲಿ ಸಿಕ್ಕಿಕೊಂಡಾಗ ಮನೆಯಿಂದ ‘ಬೇಗ ಬಾ’ ಅಂತ ಫೋನ್ ಹೋಗುತ್ತೆ. ಆ ಮಾತೇ ಅವರನ್ನು ನೀರಿಗಿಳಿಸುತ್ತೆ. ‘ಅಲ್ಲೇ ಇರು, ಊಟ ಆಮೇಲೆ’ ಅನ್ನಿ. ಸಿಡಿಲಿದ್ದರೆ ಮರದಡಿ ನಿಲ್ಲಬಾರದು. ಹತ್ತಿರದ ಊರಿನ ಶಾಲೆಯೋ ಗುಡಿಯೋ ಪಕ್ಕಾ ಕಟ್ಟಡವೋ ಸೇರಬೇಕು. ಯಾರಾದರೂ ಕೊಚ್ಚಿಹೋಗುತ್ತಿದ್ದರೆ ಹಿಂದೆ ಜಿಗಿಯಬೇಡಿ, ದಡದಿಂದಲೇ ಹಗ್ಗ ಎಸೆಯಿರಿ, 112 ಅಥವಾ ಜಿಲ್ಲಾ ಸಹಾಯವಾಣಿ 1077ಕ್ಕೆ ಕರೆ ಮಾಡಿ.

ಮಳೆ ನಿಂತರೆ ಸಣ್ಣ ಹಳ್ಳಗಳು ಸಾಮಾನ್ಯವಾಗಿ ಕೆಲವೇ ಗಂಟೆಯಲ್ಲಿ ಇಳಿಯುತ್ತವೆ. ಇಳಿದ ಮೇಲೂ ಕತ್ತಲಲ್ಲಿ ಸೇತುವೆ ಮೇಲೆ ಗಾಡಿ ಬಿಡಬೇಡಿ, ಬೆಳಕಾದ ಮೇಲೆ ಅಂಚು ಕುಸಿದಿದೆಯಾ ಅಂತ ನೋಡಿಕೊಂಡು ದಾಟಿ.