ಮೊದಲ ಹಾರೆ ಬೀಳುವ ಮುನ್ನ

ಬಳ್ಳಾರಿ ರಸ್ತೆಯ ಕೋಗಿಲು ಕ್ರಾಸ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಜಲ್ಲಿ, ಎಂ-ಸ್ಯಾಂಡ್ ಹೊತ್ತ ಟಿಪ್ಪರ್‌ಗಳು ಕಣ್ಣಿಗೆ ಬೀಳುತ್ತವೆ. ಯಲಹಂಕದಿಂದ ಬಾಗಲೂರಿನವರೆಗೆ ಏಳುತ್ತಿರುವ ಪ್ರತಿ ಅಪಾರ್ಟ್‌ಮೆಂಟಿಗೂ ಎಲ್ಲೋ ಒಂದು ಕಡೆ ಅದರದೇ ಗುಂಡಿ ಇರುತ್ತದೆ. ಕೋಗಿಲಿನ ಆಚೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಡೆ ಕಲ್ಲು ತೆಗೆದು ಮುಗಿದ ಕ್ವಾರಿಗಳಿಗೆ ಕೊನೆಗೆ ನಗರದ ಕಸ ಬಂದು ಬಿತ್ತು. ಗುಂಡಿಯನ್ನು ಮುಂದೆ ಏನು ಮಾಡುವುದು ಎಂದು ಅಗೆದಾದ ಮೇಲೆ ಕೇಳಿದರೆ ಸಿಗುವ ಉತ್ತರ ಇಂಥದ್ದೇ. ಅದು ಅಗೆಯುವ ಮುನ್ನ ಕೇಳಬೇಕಾದ ಪ್ರಶ್ನೆ. ಗುಂಡಿ ನದಿಯ ಪಕ್ಕದಲ್ಲಾದರಂತೂ ಅದನ್ನು ಹತ್ತು ಬಗೆಯಲ್ಲಿ ಕೇಳಬೇಕು.

ಕೋಗಿಲಿನಲ್ಲಿ ನದಿಯಿಲ್ಲ. ಆದರೆ ಇಲ್ಲಿ ಬಿದ್ದ ಮಳೆ ರಾಜಕಾಲುವೆ ಹಿಡಿದು, ಕೆರೆಯಿಂದ ಕೆರೆಗೆ ಕೋಡಿ ಹರಿದು, ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆ ನದಿಯೂ ಅರ್ಕಾವತಿಯೂ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿ. ಎಂ-ಸ್ಯಾಂಡ್ ಬರುವ ಮುಂಚೆ ಬೆಂಗಳೂರಿನ ಗೋಡೆಗಳಿಗೆ ಇಂಥ ನದಿಗಳ ಒಡಲ ಮರಳೇ ಬೇಕಿತ್ತು. ಹೊಳೆಯ ಮರಳು ತೀರುತ್ತ ಬಂದಾಗ ಕೆರೆಯಂಗಳದ, ಹೊಲದ ಮಣ್ಣನ್ನೇ ತೊಳೆದು ಮಾಡುವ ‘ಫಿಲ್ಟರ್ ಮರಳು’ ಶುರುವಾಯಿತು. ತೊಳೆದ ಕೆಸರು ಹಳ್ಳಕ್ಕೆ ಹೋಯಿತು, ಫಲವತ್ತಾದ ಮೇಲ್ಮಣ್ಣು ಕರಗಿಹೋಯಿತು.

ಮರಳು ಹೋದರೆ ಕಳೆದುಕೊಳ್ಳುವುದು ಬರೀ ಮರಳನ್ನಲ್ಲ. ಬಯಲುಸೀಮೆಯ ಹಳ್ಳಿಗರು ಬೇಸಿಗೆಯಲ್ಲಿ ಒಣ ಹೊಳೆಯ ಮರಳನ್ನು ಕೈಯಲ್ಲಿ ತೋಡಿ, ಚಿಲುಮೆಯ ನೀರು ತುಂಬಿಕೊಳ್ಳುತ್ತಿದ್ದರು. ಅದರ ಹಿಂದಿನ ಲೆಕ್ಕ ಸರಳ. ಅಂತರ್ಜಲ ಅಂದಾಜು ಸಮಿತಿಯ 1997ರ ಮಾನದಂಡದಂತೆ, ನದಿ ತಂದು ಹಾಕಿದ ಮರಳು ತನ್ನ ಗಾತ್ರದ ಸುಮಾರು ಶೇ 16ರಷ್ಟು ನೀರನ್ನು ಬಿಟ್ಟುಕೊಡಬಲ್ಲದು. ನಮ್ಮ ಕಾಲಡಿಯ ನೈಸ್ ಬಂಡೆ ಶಿಥಿಲವಾಗಿ, ಜೇಡಿ ಬೆರೆತ ಪದರವಾದರೆ ಅದು ಕೊಡುವುದು ಶೇ 1.5 ಮಾತ್ರ. ಒಂದು ಹೆಕ್ಟೇರ್ ವಿಸ್ತೀರ್ಣ, ಒಂದು ಮೀಟರ್ ದಪ್ಪದ ಮರಳಿನಲ್ಲಿ 16 ಲಕ್ಷ ಲೀಟರ್ ನೀರು ಸಿಗುತ್ತದೆ. ಅಷ್ಟೇ ಶಿಥಿಲ ಬಂಡೆಯಲ್ಲಿ ಒಂದೂವರೆ ಲಕ್ಷ. ಒಂದು ಪದರ ಮರಳು ಹೋಯಿತೆಂದರೆ ಪಕ್ಕದ ಬಾವಿಗಳ ನೀರಿನ ಉಗ್ರಾಣವೇ ಹೋದಂತೆ.

ಎರಡನೆಯ ಹಾನಿ ಗುಂಡಿಯಿಂದ ದೂರದಲ್ಲಿ ಕಾಣಿಸಿಕೊಳ್ಳುತ್ತದೆ. ಹರಿಯುವ ನೀರು ಮರಳನ್ನೂ ಹೊತ್ತು ಸಾಗುತ್ತದೆ. ದಾರಿಯಲ್ಲಿ ಗುಂಡಿ ಸಿಕ್ಕರೆ ಹೊರೆಯನ್ನು ಅಲ್ಲಿ ಇಳಿಸಿ ಬರಿಗೈಯಲ್ಲಿ ಮುಂದೆ ಹೋಗುತ್ತದೆ. ಹೊರೆ ಕಳೆದುಕೊಂಡ ಆ ನೀರು ಕೆಳಗಿನ ದಂಡೆಯನ್ನು ಕಿತ್ತು ತಿನ್ನುತ್ತದೆ. ನದಿಗಳ ಸ್ವರೂಪವನ್ನು ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ಮತಾಯಸ್ ಕೊಂಡಾಲ್ಫ್ 1997ರಲ್ಲಿ ಅದನ್ನು ‘ಹಸಿದ ನೀರು’ ಎಂದೇ ಕರೆದರು. ಗುಂಡಿಯ ಮೇಲ್ಬದಿಯ ಅಂಚಿನಲ್ಲಿ ನೀರು ಮೆಟ್ಟಿಲು ಇಳಿದಂತೆ ಧುಮುಕುತ್ತದೆ, ಬಿದ್ದಲ್ಲಿ ಕೊರೆಯುತ್ತದೆ. ಒಂದೊಂದು ಪ್ರವಾಹಕ್ಕೂ ಆ ಮೆಟ್ಟಿಲು ನದಿಯ ಮೇಲ್ಭಾಗದತ್ತ ಸರಿಯುತ್ತದೆ. ಸೇತುವೆಯ ಬುಡ ಬಯಲಾಗುವುದು ಹೀಗೆ. ಗುಂಡಿ ದಂಡೆಯಾಚೆಯ ಹೊಲದಲ್ಲಿದ್ದರೂ ನೆಮ್ಮದಿಯಿಲ್ಲ. ದೊಡ್ಡ ಪ್ರವಾಹದಲ್ಲಿ ನದಿ ನಡುವಿನ ಏರಿಯನ್ನು ಒಡೆದು ಗುಂಡಿಯೊಳಗೇ ಹರಿಯತೊಡಗಬಹುದು. ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನೂ ಹೊತ್ತೊಯ್ಯುವ ನದಿ. ಅದನ್ನು ಸೋಸುತ್ತಿದ್ದ ಮರಳನ್ನೇ ತೆಗೆದರೆ ಆ ನೀರಿಗೂ ಅಂತರ್ಜಲಕ್ಕೂ ನಡುವೆ ತಡೆ ಉಳಿಯುವುದಿಲ್ಲ.

ಹಾಗಾದರೆ ಅಗೆಯುವ ಮುನ್ನ ಅಳೆಯಬೇಕಾದದ್ದೇನು?

ಮೊದಲನೆಯದು ನದಿಯ ಮಟ್ಟ. ಕದಲದ ಬಂಡೆಯ ಮೇಲೋ ಸೇತುವೆಯ ಮೇಲೋ ಒಂದು ಗುರುತು ಮಾಡಿ, ಅಲ್ಲಿಂದ ದಂಡೆಯಿಂದ ದಂಡೆಗೆ ತಳದ ಏರಿಳಿತವನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆಯಬೇಕು. ಎರಡರ ವ್ಯತ್ಯಾಸವೇ ಆ ವರ್ಷ ನದಿ ಹೊಸದಾಗಿ ತಂದ ಮರಳು. ಅದಕ್ಕಿಂತ ಹೆಚ್ಚು ತೆಗೆದರೆ ಬಡ್ಡಿಯ ಜೊತೆ ಅಸಲನ್ನೂ ತಿಂದಂತೆ.

ಎರಡನೆಯದು ಕಲ್ಲುಗಳ ಗಾತ್ರ. ವೋಲ್ಮನ್ ಎಂಬ ಅಮೆರಿಕದ ವಿಜ್ಞಾನಿ 1954ರಲ್ಲಿ ತೋರಿಸಿಕೊಟ್ಟ ವಿಧಾನವನ್ನು ಶಾಲಾ ಮಕ್ಕಳೂ ಮಾಡಬಹುದು: ಹೊಳೆಯಲ್ಲಿ ಹೆಜ್ಜೆಗೊಂದರಂತೆ, ನೋಡದೆ, ಕಾಲ್ಬೆರಳಿಗೆ ತಾಗಿದ ಕಲ್ಲನ್ನು ಎತ್ತಿ ಅಳೆಯುತ್ತ ನೂರು ಕಲ್ಲು ಮುಗಿಸುವುದು. ಅನೇಕ ಹೊಳೆಗಳಲ್ಲಿ ಮೇಲೆ ದಪ್ಪ ಕಲ್ಲು, ಕೆಳಗೆ ಸಣ್ಣ ಮರಳು ಇರುತ್ತದೆ. ಮೇಲಿನದು ನದಿ ತಾನೇ ಹೊದ್ದುಕೊಂಡ ಕವಚ. ಯಂತ್ರ ಅದನ್ನು ಕಿತ್ತರೆ ಒಳಗಿನ ಮರಳು ಸಣ್ಣ ಪ್ರವಾಹಕ್ಕೂ ಕೊಚ್ಚಿಹೋಗುತ್ತದೆ.

ಮೂರನೆಯದು ಸುತ್ತಲಿನ ಬಾವಿ, ಕೊಳವೆಬಾವಿಗಳು. ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಬರೆದಿಡಬೇಕು, ನೀರಿನ ಪರೀಕ್ಷೆ ಆಗಬೇಕು. ಉದಾಹರಣೆಗೆ, ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನದಂಡ. ಮುಂಚಿನ ಅಂಕಿ ಇಲ್ಲದಿದ್ದರೆ ನಾಳೆ ಬಾವಿ ಕೆಟ್ಟಾಗ ಯಾರಿಂದ ಕೆಟ್ಟಿತು ಎಂದು ಸಾಬೀತು ಮಾಡುವ ದಾರಿಯೇ ಇರುವುದಿಲ್ಲ.

ನಾಲ್ಕನೆಯದು ಜೀವಿಗಳು. ಟಿಟ್ಟಿಭ ಹಕ್ಕಿ ಬಯಲ ಕಲ್ಲುಗಳ ನಡುವೆಯೇ ಮೊಟ್ಟೆಯಿಡುತ್ತದೆ. ಮೊಟ್ಟೆ ಯಾವುದು, ಕಲ್ಲು ಯಾವುದು ಹೇಳುವುದು ಕಷ್ಟ. ಕಳ್ಳಿಪೀರ, ಮಿಂಚುಳ್ಳಿಗಳು ದಂಡೆಯ ಮಣ್ಣಿನಲ್ಲಿ ಬಿಲ ಕೊರೆದು ಮರಿ ಮಾಡುತ್ತವೆ. ಒಂದು ಮಧ್ಯಾಹ್ನ ಬಂದು ಹೋದವರ ಕಣ್ಣಿಗೆ ಇವು ಬೀಳುವುದಿಲ್ಲ.

ಐದನೆಯದು ದಾರಿ. ಒಂದು ಹೆಕ್ಟೇರಿನಲ್ಲಿ ಮೂರು ಮೀಟರ್ ಅಗೆದರೆ 30 ಸಾವಿರ ಘನ ಮೀಟರ್. ಟಿಪ್ಪರಿಗೆ 10 ಘನ ಮೀಟರಿನಂತೆ ಮೂರು ಸಾವಿರ ಲೋಡು. ವರ್ಷದ 250 ಕೆಲಸದ ದಿನಗಳಲ್ಲಿ ದಿನಕ್ಕೆ 12 ಲೋಡು, ಹೋಗಿಬರುವುದು ಸೇರಿ 24 ಓಡಾಟ. ಆ ದೂಳು ಬೀಳುವುದು ಯಾವ ಶಾಲೆಯ ಅಂಗಳಕ್ಕೆ, ಯಾರ ಹಿಪ್ಪುನೇರಳೆ ತೋಟಕ್ಕೆ ಎಂಬುದು ನಕ್ಷೆಯಲ್ಲಿ ಕಾಣಬೇಕು.

ಅಗೆಯುವ ಮುನ್ನ ಅಳೆಯಬೇಕೆಂಬ ಕಡೆಗೆ ಕಾನೂನು ನಿಧಾನವಾಗಿ ನಡೆದುಬಂದಿದೆ. ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ 2006ರದು. ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು 2012ರ ಫೆಬ್ರವರಿ 27ರಂದು. ನದಿ ಎಷ್ಟು ಮರಳನ್ನು ಮತ್ತೆ ತುಂಬುತ್ತದೆ ಎಂಬ ಅಧ್ಯಯನವಿಲ್ಲದೆ ಅನುಮತಿ ಸಲ್ಲದೆಂದು ಅದೇ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಜಮ್ಮು-ಕಾಶ್ಮೀರದ ಒಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೂ ಒಂದು ದೊಡ್ಡ ಕೊರತೆ ಉಳಿದಿದೆ. ಗಣಿಗಳ ಗಾಳಿ, ನೀರು, ಮಣ್ಣಿನ ಅಂದಾಜಿಗೆ ಸಾಮಾನ್ಯವಾಗಿ ಕೇಳುವುದು ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ. ವರ್ಷದ ಬಹುಪಾಲು ಒಣಗಿರುವ ನಮ್ಮ ಹೊಳೆಗಳು ನದಿಯಾಗುವುದೇ ಮಳೆಗಾಲದಲ್ಲಿ. ಆ ನಾಲ್ಕು ತಿಂಗಳನ್ನು ಬಿಟ್ಟು ಬರೆದ ವರದಿ ನದಿಯನ್ನು ನೋಡದೆ ಬರೆದ ವರದಿ. ಇಡೀ ವರ್ಷದ ಅಳತೆ ಕಡ್ಡಾಯವಾಗಲೇಬೇಕು.

ಕಟ್ಟಡ ಕಟ್ಟಲು ಮರಳು ಬೇಕು, ಜಲ್ಲಿ ಬೇಕು. ಜಗತ್ತು ವರ್ಷಕ್ಕೆ 5,000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತಿದೆ ಎಂಬುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ಅಂದಾಜು. ಎಲ್ಲ ಗಣಿಯನ್ನೂ ನಿಲ್ಲಿಸಲಾಗದು. ಆದರೆ ಅಗೆಯದ ನೆಲವನ್ನು ಅಳೆಯುವ ಅವಕಾಶ ಸಿಗುವುದು ಒಂದೇ ಸಲ. ಮೊದಲ ಹಾರೆ ಬಿದ್ದ ಮರುದಿನ ಯಾವ ಉಪಕರಣವೂ ಅದನ್ನು ಮರಳಿ ತೋರಿಸಲಾರದು.

ಆದ್ದರಿಂದ ನಿಮ್ಮ ಹೊಳೆಯ ಬಳಿ ಗಣಿ ಬರುತ್ತದೆಂಬ ಸುದ್ದಿ ಸಿಕ್ಕರೆ, ಊರಿನ ಹಿರಿಯರನ್ನು ಹೊಳೆಗೆ ಕರೆದುಕೊಂಡು ಹೋಗಿ. ಹಿಂದೆ ಇಲ್ಲಿ ಎಷ್ಟು ಮೊಳ ತೋಡಿದರೆ ಚಿಲುಮೆ ಬರುತ್ತಿತ್ತು ಎಂದು ಕೇಳಿ. ಇವತ್ತು ಅದೇ ಜಾಗದಲ್ಲಿ ನೀವೇ ತೋಡಿ ನೋಡಿ. ಎರಡನ್ನೂ ತಾರೀಖಿನ ಸಮೇತ ಬರೆದಿಟ್ಟುಕೊಂಡು, ಸಾರ್ವಜನಿಕ ಅಹವಾಲು ಸಭೆ ನಡೆದರೆ ಅಲ್ಲಿ ಓದಿ ಹೇಳಿ. ಆ ಹೊಳೆಯ ಮೂಲಸ್ಥಿತಿಯ ಮೊದಲ ಅಂಕಿ ಅದೇ.